ಲಕೋಟ ಜನರ ನಕ್ಷತ್ರ ಕೌದಿ: ನಡುವ ಯಾಕ ಏಳ್ತದ, ಯಾರಿಗೆ ಕೊಡ್ತಾರ?

ಸೂಜಿದಾರ_ಕಲಬುರಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿಯೊಳಗ ನಮ್ಮ ಮಹಿಳಾ ಸಂಘದಿಂದ ಕೌದಿ ಪ್ರದರ್ಶನ ಅದ. ನಮ್ಮ ಕಡಿ ಕೌದಿ ಜೊತಿಗೆ ಅಮೆರಿಕದ ಸೂ ಜನ, ಅಂದ್ರ ಲಕೋಟ, ಡಕೋಟ ಮಂದಿ ಹೊಲಿಯೋ ಎಂಟು ಮೂಲಿ ನಕ್ಷತ್ರದ ಹೊದಿಕಿ ಒಂದನ್ನ ಹೊಲಿದು ಇಡಬೇಕಂತ ಠರಾವ್ ಆಗ್ಯದ. ಮಷೀನ್ ಹೊಲಿಗಿ ಬರೋರು ಇದ್ದಾರ, ಕೈಟಾಕಿ ಹಾಕೋ ಹಿರಿಯರೂ ಇದ್ದಾರ. ತಿಳಿದೋರು ಇಷ್ಟು ಹೇಳ್ರಿ:

ಮಂಚಕ್ಕ ಹೊಂದೋ ಅಳತಿಗೆ ಒಟ್ಟು ಎಷ್ಟು ತುಂಡು, ಎಷ್ಟು ಬಟ್ಟಿ ಬೇಕು? ಸಣ್ಣ ಮಾದರಿ ಹೊಲಿದಾಗ ನಡುವಿನ ಚುಕ್ಕಿ ಚಪ್ಪಟಿ ಕೂಡವಲ್ಲದು, ಗುಡಾರ ಎದ್ದಂಗ ಮ್ಯಾಲ ಏಳ್ತದ, ಯಾಕ? ಹಳೇ ಸೀರಿ ನಡೀತದೇನು? ಇನ್ನ ಪಕ್ಕದಾಗ ಇಡೋ ಚೀಟಿಗೆ ಏನು ಬರೀಬೇಕು? ಯಾರು ಯಾರಿಗೆ, ಯಾವಾಗ ಕೊಡ್ತಾರ? ಪೂಜಾದ ಬಟ್ಟಿನೋ, ಹೊದ್ಕೊಳ್ಳೋದೋ?

ಬೀದರ್_ಟಾಕಾ

ಹೊಲಿಗೆ ವಿಷಯ ನಾನು ಹೇಳುತ್ತೇನೆ, ಆಚಾರದ ಮಾತು ತಿಳಿದವರು ಬರೆಯಲಿ.

ನಕ್ಷತ್ರದಲ್ಲಿರುವುದು ಎಂಟು ದೊಡ್ಡ ಶಂಕರಪೋಳಿ ಆಕಾರಗಳು. ಪ್ರತಿಯೊಂದರ ಚೂಪು ಮೂಲೆ 45 ಡಿಗ್ರಿ. ಎಂಟು ಸೇರಿದರೆ 360, ಅಂದರೆ ಚಪ್ಪಟೆ. ದೊಡ್ಡದು ಒಂದೊಂದೂ ಸಣ್ಣ ಶಂಕರಪೋಳಿಗಳಿಂದ ಆಗುತ್ತದೆ. ಸಾಲಿಗೆ 7ರಂತೆ 7 ಸಾಲು ಇಟ್ಟರೆ 49, ಎಂಟಕ್ಕೆ 392 ತುಂಡು. ಇಷ್ಟನ್ನೂ ಬಿಡಿಬಿಡಿಯಾಗಿ ಕತ್ತರಿಸಲು ಹೋಗಬೇಡಿ. ಪಟ್ಟಿ ಜೋಡಿಸಿ ಓರೆಯಾಗಿ ಕೊಯ್ಯುವ ವಿಧಾನವೇ ಸರಿ.

ಬಟ್ಟೆ: ಬ್ಲೌಸಿನ ಟೂ ಬೈ ಟೂ ತೆಗೆದುಕೊಳ್ಳಿ, ಅಗಲ 36 ಇಂಚಿಗೆ ಕಡಿಮೆ ಇರಬಾರದು. ಖಣ ಬೇಡ, ದಪ್ಪ, ಅಂಚಿನ ನೇಯ್ಗೆ ಹೊಲಿಗೆಯಲ್ಲಿ ಗಂಟಾಗುತ್ತದೆ. ಏಳು ಬಣ್ಣ ಆರಿಸಿ. ನಡುವಿನಿಂದ ಹೊರಕ್ಕೆ ಒಟ್ಟು 13 ಸುತ್ತು ಬರುತ್ತವೆ. ಒಂದರಿಂದ ಏಳರವರೆಗೆ ಬಣ್ಣ ಏರಿ, ಎಂಟರಿಂದ ಹದಿಮೂರರವರೆಗೆ ಅದೇ ಬಣ್ಣಗಳು ಇಳಿಯಲಿ. 2½ ಇಂಚು ಅಗಲ, 34 ಇಂಚು ಉದ್ದದ ಪಟ್ಟಿಗಳು ಬೇಕು: ಮೊದಲ ಬಣ್ಣಕ್ಕೆ 2, ಎರಡನೆಯದಕ್ಕೆ 4, ಮೂರಕ್ಕೆ 6, ನಾಲ್ಕಕ್ಕೆ 8, ಐದಕ್ಕೆ 10, ಆರಕ್ಕೆ 12, ಏಳಕ್ಕೆ 7. ಒಟ್ಟು 49. ಎಂಬತ್ತು ಸೆಂಟಿಮೀಟರಿನ ಬ್ಲೌಸ್ ಪೀಸಿನಲ್ಲಿ 12 ಪಟ್ಟಿ ಹೊರಡುತ್ತವೆ. ಆದರೆ ತೊಳೆದಾಗ ಕುಗ್ಗುವುದರಿಂದ ಆರನೆಯ ಬಣ್ಣಕ್ಕೆ ಎರಡು ಪೀಸು ತಂದಿಡಿ. ಅದೇ ಛಾಯೆ ಮತ್ತೆ ಸಿಕ್ಕುವುದಿಲ್ಲ, ಅಂಗಡಿಯಲ್ಲಿ ಥಾನು ಬದಲಾದರೂ ವ್ಯತ್ಯಾಸ ಕಾಣುತ್ತದೆ.

ಮೊದಲು ಪ್ರತಿ ಬಣ್ಣವನ್ನೂ ಬೇರೆಬೇರೆ ಬಕೆಟ್ಟಿನಲ್ಲಿ ನೆನೆಸಿ. ಮೂರು ನೀರಿಗೂ ಕೆಂಪು ಬಿಡುತ್ತಿದ್ದರೆ ಆ ಬಟ್ಟೆಯನ್ನೇ ಕೈಬಿಡಿ. ಹಿನ್ನೆಲೆ ಬಿಳಿ ಇದ್ದರೆ ಒಂದೇ ಒಗೆತಕ್ಕೆ ಎಲ್ಲ ಕೆಟ್ಟುಹೋಗುತ್ತದೆ. ಆಮೇಲೆ ಗಂಜಿ ಹಾಕಿ, ಗರಿಗರಿಯಾಗಿ ಇಸ್ತ್ರಿ ಮಾಡಿ. ಗಂಜಿ ಬಿಡಬೇಡಿ. ಶಂಕರಪೋಳಿಯ ಎರಡು ಬದಿ ಕ್ರಾಸಿನಲ್ಲಿ ಬರುತ್ತವೆ, ಕ್ರಾಸ್ ಎಂದರೆ ಕೈ ತಾಗಿದರೆ ಸಾಕು ಹಿಗ್ಗುವ ಬದಿ.

ಈಗ ಏಳು ಜೋಡಣೆ ಮಾಡಿ. ಮೊದಲನೆಯದರಲ್ಲಿ 1ರಿಂದ 7ನೇ ಸುತ್ತಿನ ಬಣ್ಣಗಳು, ಎರಡನೆಯದರಲ್ಲಿ 2ರಿಂದ 8, ಹೀಗೆ ಏಳನೆಯದರಲ್ಲಿ 7ರಿಂದ 13. ಪಟ್ಟಿ ಜೋಡಿಸುವಾಗ ಪ್ರತಿ ಪಟ್ಟಿಯ ತುದಿಯನ್ನು ಹಿಂದಿನದಕ್ಕಿಂತ 2 ಇಂಚು ಸರಿಸಿ ಹೊಲಿದರೆ ಓರೆಗೆ ಕೊಯ್ಯುವಾಗ ಬಟ್ಟೆ ಹಾಳಾಗುವುದಿಲ್ಲ. ಮಾರ್ಜಿನ್ ಎಲ್ಲ ಕಡೆ ಕಾಲು ಇಂಚು. ಹೊಲಿದ ಮೇಲೆ 45 ಡಿಗ್ರಿ ಓರೆಯಲ್ಲಿ 2½ ಇಂಚು ಅಗಲಕ್ಕೆ ಕೊಯ್ಯಿರಿ. ಪ್ರತಿ ಜೋಡಣೆಯಿಂದ ಎಂಟು ತುಂಡು. ಅಳತೆ ಅಡ್ಡ ನೋಡಬೇಕು, ಓರೆ ಬದಿಯುದ್ದಕ್ಕೆ ಅಲ್ಲ. ಕೋನಮಾಪಕ ಇಲ್ಲದಿದ್ದರೆ ಚೌಕ ರಟ್ಟನ್ನು ಮೂಲೆಯಿಂದ ಮೂಲೆಗೆ ಕೊಯ್ದರೆ ಅದೇ 45. ಎರಡು ಮೂರು ತುಂಡು ಕೊಯ್ದಾಗಲೊಮ್ಮೆ ಕೋನ ಮತ್ತೆ ಪರೀಕ್ಷಿಸಿ, ಕತ್ತರಿ ತಾನಾಗಿ ಜಾರುತ್ತದೆ.

ಏಳು ಸಾಲು ಜೋಡಿಸಿದರೆ ಒಂದು ದೊಡ್ಡ ಶಂಕರಪೋಳಿ. ಇಲ್ಲಿ ಗುಂಡುಪಿನ್ನು ಚುಚ್ಚುವ ಜಾಗ ಮುಖ್ಯ: ಬಟ್ಟೆಯ ತುದಿಯಲ್ಲಿ ಹೊಲಿಗೆಗಳು ಕೂಡುವಂತೆ ಇಟ್ಟರೆ ಬಿಚ್ಚಿ ನೋಡಿದಾಗ ತಪ್ಪಿರುತ್ತದೆ. ತುದಿಯಿಂದ ಕಾಲು ಇಂಚು ಒಳಗೆ, ಹೊಲಿಗೆ ಬೀಳುವ ಗೆರೆಯ ಮೇಲೆಯೇ ಎರಡೂ ಕೂಡಬೇಕು. ಎಂಟೂ ತಯಾರಾದ ಮೇಲೆ ಎದುರು ಬದಿಗಳ ನಡುವೆ ಅಡ್ಡ ಅಳೆಯಿರಿ: 14½ ಇಂಚು ಇರಬೇಕು. ಒಂದು 14, ಇನ್ನೊಂದು 14¾ ಬಂದರೆ ಮುಂದೆ ಹೋಗಬೇಡಿ.

ನಡು ಏಳುವುದಕ್ಕೆ ಕಾರಣ ಇಷ್ಟೇ: ಕೋನಗಳ ಮೊತ್ತ 360ಕ್ಕಿಂತ ಕಡಿಮೆ ಆಗಿದೆ. ಒಂದೊಂದು 44 ಡಿಗ್ರಿ ಆದರೂ ಒಟ್ಟು 352, ಎಂಟು ಡಿಗ್ರಿ ಕೊರತೆ. ಅದು ಮೇಲೆದ್ದೇ ನಿಲ್ಲುತ್ತದೆ, ಇಸ್ತ್ರಿಗೆ ಬಗ್ಗುವುದಿಲ್ಲ. ತದ್ವಿರುದ್ಧವಾಗಿ 46 ಆದರೆ ನಡು ಸರಿ ಕಾಣುತ್ತದೆ, ಹೊರ ಅಂಚು ಅಲೆ ಅಲೆಯಾಗುತ್ತದೆ. ಕತ್ತರಿಸಿದ್ದು ಸರಿಯಿದ್ದೂ ನಡು ಎದ್ದರೆ ಹೊರ ತುದಿಗೆ ಹೋಗುತ್ತಾ ಮಾರ್ಜಿನ್ ಹೆಚ್ಚಾಗಿದೆ ಎಂದರ್ಥ. ಎಂಟು ಹೊಲಿಗೆಗೆ ಹದಿನಾರು ಬದಿ. ಬದಿಗೆ ಒಂದು ದಾಣೆ, 1/16 ಇಂಚು, ಹೆಚ್ಚಾದರೂ ಸುತ್ತಳತೆಯಲ್ಲಿ ಪೂರ್ತಿ ಒಂದು ಇಂಚು ಹೋಯಿತು. ಅದಕ್ಕೇ ಎರಡೆರಡು ಜೋಡಿಸಿ, ಆಮೇಲೆ ನಾಲ್ಕು ನಾಲ್ಕು ಮಾಡಿ, ಆ ಅರ್ಧ ನಕ್ಷತ್ರದ ಉದ್ದ ಬದಿಗೆ ಸ್ಕೇಲು ಹಿಡಿದು ನೋಡಿ. ಗೆರೆ ನೇರ ಇದ್ದರೆ ಮಾತ್ರ ಎರಡು ಅರ್ಧ ಕೂಡಿಸಬೇಕು. ಬಾಗಿದ್ದರೆ ಬಿಚ್ಚುವ ಕೆಲಸ ಆಗಲೇ ಮುಗಿಸಿ; ಪೂರ್ತಿ ಕೂಡಿಸಿದ ಮೇಲೆ ಯಾವ ಹೊಲಿಗೆ ತಪ್ಪಿದೆ ಎಂದು ಹುಡುಕುವುದು ಕಷ್ಟ.

ದೊಡ್ಡವನ್ನು ಕೂಡಿಸುವಾಗ ಹೊರ ತುದಿಯಲ್ಲಿ ಅಲ್ಲ, ಎರಡು ಶಂಕರಪೋಳಿ ಅಗಲುವ ಒಳಮೂಲೆಯಲ್ಲಿ ಕಾಲು ಇಂಚು ಬಿಟ್ಟೇ ಹೊಲಿಗೆ ನಿಲ್ಲಿಸಿ ಗಂಟು ಹಾಕಿ. ಅಲ್ಲಿ ಹಿನ್ನೆಲೆಯ ಚೌಕ ಮತ್ತು ತ್ರಿಕೋನ ಕೂರಬೇಕು. ಚೌಕಗಳು ನಾಲ್ಕು, 21 ಇಂಚಿಗೆ ಕೊಯ್ದು ಆಮೇಲೆ ಒಪ್ಪ ಮಾಡಿ. ತ್ರಿಕೋನಗಳು ನಾಲ್ಕು, 30 ಇಂಚಿನ ಒಂದೇ ಚೌಕವನ್ನು ಎರಡೂ ಕರ್ಣಗಳಲ್ಲಿ ಕೊಯ್ದರೆ ಬರುತ್ತವೆ, ಉದ್ದ ಬದಿ ನೂಲಿನ ನೇರಕ್ಕೆ ಹೊರಗೆ ಬರುವುದರಿಂದ ಅಂಚು ಹಿಗ್ಗುವುದಿಲ್ಲ. 44 ಇಂಚು ಅಗಲದ ಬಟ್ಟೆ ಎರಡೂಕಾಲು ಮೀಟರ್ ಸಾಕು. ನಕ್ಷತ್ರದ ಚೌಕ ಸುಮಾರು 67½ ಇಂಚು ಬರುತ್ತದೆ. ಸುತ್ತ 6 ಇಂಚು ಅಂಚು ಕೊಟ್ಟರೆ ಎಂಬತ್ತರ ಹತ್ತಿರ.

ಶಹಾಪುರ_ಓದುಗ

ಹೊಲಿಗೆಯ ಮಾತು ಮೇಲೆ ಸೊಗಸಾಗಿ ಬಂದಿದೆ. ಚೀಟಿಗೆ ಬೇಕಾದ ವಿಷಯ ನಾನು ಬರೆಯುತ್ತೇನೆ.

ಸೂ ಎಂದು ಹೊರಗಿನವರು ಕರೆಯುವ ಈ ಜನ ತಮ್ಮನ್ನು ಓಚೇತಿ ಷಕೋವಿನ್, ಏಳು ಬೆಂಕಿಗಳ ಕೂಟ, ಎಂದುಕೊಳ್ಳುತ್ತಾರೆ. ಪೂರ್ವದವರು ಡಕೋಟ, ಪಶ್ಚಿಮದ ಹುಲ್ಲುಗಾವಲಿನವರು ಲಕೋಟ. ಇಂದು ಅವರ ದೊಡ್ಡ ನೆಲೆಗಳು ದಕ್ಷಿಣ ಡಕೋಟದ ಪೈನ್ ರಿಡ್ಜ್, ರೋಸ್‌ಬಡ್, ಷಾಯೆನ್ ರಿವರ್, ಉತ್ತರ ದಕ್ಷಿಣ ಎರಡೂ ಡಕೋಟಗಳಿಗೆ ಹಬ್ಬಿದ ಸ್ಟ್ಯಾಂಡಿಂಗ್ ರಾಕ್.

ನಕ್ಷತ್ರದ ಹೊದಿಕೆ ಬಹಳ ಪುರಾತನವಲ್ಲ, ಆದರೆ ಅದು ಕೂತ ಜಾಗ ಪುರಾತನ. ಮೊದಲು ಆ ಜಾಗದಲ್ಲಿ ಬೈಸನ್, ಅಂದರೆ ಅಲ್ಲಿನ ಕಾಡೆಮ್ಮೆಯ, ಚರ್ಮದ ಹೊದಿಕೆ ಇತ್ತು. ಕೂಸು ಹುಟ್ಟಿದರೆ ಅದರಲ್ಲಿ ಸುತ್ತುವುದು, ಗೌರವಿಸಬೇಕಾದವರ ಹೆಗಲಿಗೆ ಹೊದಿಸುವುದು, ಸತ್ತವರನ್ನು ಅದರಲ್ಲೇ ಸುತ್ತಿ ಅಟ್ಟಣೆಯ ಮೇಲಿಡುವುದು. ಗಂಡಸರ ಹೊದಿಕೆಯ ಮೇಲೆ ಗರಿಗಳ ಆಕಾರವನ್ನು ಸುತ್ತು ಸುತ್ತಾಗಿ ಸೂರ್ಯನಂತೆ ಬಿಡಿಸುತ್ತಿದ್ದರು. 1870 ಮತ್ತು 80ರ ದಶಕಗಳಲ್ಲಿ ಬೈಸನ್ ಹಿಂಡುಗಳನ್ನು ಬೇಟೆಗಾರರು ಕೊಂದು ಮುಗಿಸಿದರು. ಜನರನ್ನು ಮೀಸಲು ಪ್ರದೇಶಗಳಲ್ಲಿ ಕೂಡಿಹಾಕಿದರು. ಚರ್ಮ ಸಿಗದಾದಾಗ, ಮಿಷನ್ ಶಾಲೆಗಳಲ್ಲಿ ಕಲಿಸಿದ ತುಂಡುಬಟ್ಟೆಯ ಹೊಲಿಗೆಯನ್ನು ಹೆಂಗಸರು ಅದೇ ಕೆಲಸಕ್ಕೆ ತಿರುಗಿಸಿಕೊಂಡರು. ಮುಳ್ಳುಹಂದಿಯ ಮುಳ್ಳನ್ನು ಮೆತ್ತಗೆ ಮಾಡಿ, ಬಣ್ಣ ಹಾಕಿ, ಚಪ್ಪಟೆ ಒತ್ತಿ ಚರ್ಮದ ಮೇಲೆ ಹೊಲಿಯುತ್ತಿದ್ದ ಕೈಗಳು ಅವು. ಇಂಥ ಲೆಕ್ಕದ ವಿನ್ಯಾಸ ಅವರಿಗೆ ಹೊಸದಾಗಿರಲಿಲ್ಲ.

ನಕ್ಷತ್ರ ಎಂದರೆ ಬೆಳ್ಳಿಚುಕ್ಕಿ, ನಸುಕಿನಲ್ಲಿ ಕತ್ತಲೆ ಬೆಳಕಿನ ಗಡಿಯಲ್ಲಿ ನಿಲ್ಲುವುದು. ಅರಿವು, ಹೊಸ ದಿನ ಅದರೊಂದಿಗೆ ಬರುತ್ತದೆ ಎಂಬ ನಂಬಿಕೆ. ಸತ್ತವರ ಆತ್ಮ ನಡೆಯುವ ದಾರಿಯೂ ಆಕಾಶದಲ್ಲೇ ಇದೆ: ಆಕಾಶಗಂಗೆ. ಆ ದಾರಿಯಲ್ಲಿ ಒಬ್ಬ ಮುದುಕಿ ಕಾದಿರುತ್ತಾಳೆ, ಮೈಮೇಲೆ ಹಚ್ಚೆಯ ಗುರುತು ಇದ್ದವರನ್ನು ಮುಂದೆ ಬಿಡುತ್ತಾಳೆ, ಇಲ್ಲದವರನ್ನು ಕೆಳಕ್ಕೆ ನೂಕುತ್ತಾಳೆ ಎಂದು ಲಕೋಟ ಹಿರಿಯರು ಹೇಳುತ್ತಿದ್ದರು. ಸತ್ತಾಗ ಜೊತೆಗೆ ಬರುವುದು ಹಚ್ಚೆ ಒಂದೇ ಎಂದು ನಮ್ಮ ಕಡೆಯ ಹಿರಿಯ ಹೆಂಗಸರೂ ಹೇಳುವುದನ್ನು ಇಲ್ಲಿ ಅನೇಕರು ಕೇಳಿರುತ್ತೀರಿ.

ಈಗ ಕೊಡುವ ಸಂದರ್ಭ. ಹೆಸರಿಡುವಾಗ, ಮದುವೆಗೆ, ಶಾಲೆ ಮುಗಿಸಿದಾಗ, ಸೈನ್ಯದಿಂದ ಮರಳಿದಾಗ, ಶವಪೆಟ್ಟಿಗೆಯ ಮೇಲೆ. ಮೊಂಟಾನಾದ ಫೋರ್ಟ್ ಪೆಕ್ ಮೀಸಲಿನಲ್ಲಿ ಶಾಲಾ ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲೂ ಹೊದಿಸುತ್ತಾರೆ. ಯುವಿಪಿ ಎಂಬ ರೋಗ ಗುಣಪಡಿಸುವ ವಿಧಿಯಲ್ಲಿ ಅದನ್ನು ನಡೆಸುವವನನ್ನೇ ಇಂಥ ಹೊದಿಕೆಯಲ್ಲಿ ಸುತ್ತಿ, ಹಗ್ಗದಿಂದ ಕಟ್ಟಿ, ಕತ್ತಲ ಕೋಣೆಯಲ್ಲಿ ಮಲಗಿಸುತ್ತಾರೆ. ಹಾಗಾಗಿ ಪೂಜೆಯದೋ ಹೊದೆಯುವುದೋ ಎಂದು ಕೇಳಿದರೆ ಎರಡೂ ಹೌದು. ಮನೆಯ ಮಂಚದ ಮೇಲೂ ಇರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಸತ್ತು ವರ್ಷ ತುಂಬಿದಾಗಿನ ಹಂಚಿಕೆ, ಚೀಟಿಯಲ್ಲಿ ಇದೊಂದಕ್ಕೇ ಜಾಗ ಇದ್ದರೂ ಇದನ್ನೇ ಬರೆಯಿರಿ. ಹಿಂದೆ ಪ್ರೀತಿಯ ಮಗುವೋ ಹಿರಿಯರೋ ತೀರಿಕೊಂಡರೆ ಅವರ ಒಂದು ಕುಚ್ಚು ಕೂದಲನ್ನು ಗಂಟು ಕಟ್ಟಿ ಮನೆಯಲ್ಲಿ ವರ್ಷದ ತನಕ ಕಾಯುತ್ತಿದ್ದರು. ಗಂಟಿಗೆ ಊಟ ಎಡೆಯಿಡುವುದು, ಆ ಮನೆಯಲ್ಲಿ ಜಗಳ ಆಡದಿರುವುದು, ಗಟ್ಟಿ ಮಾತು ಇಲ್ಲದಿರುವುದು. ಆ ವರ್ಷವೆಲ್ಲ ಮನೆಯವರು, ನೆಂಟರು ಹೊಲಿದು, ಮುಳ್ಳಿನ ಕಸೂತಿ ಹಾಕಿ, ವಸ್ತು ಕೂಡಿಹಾಕುತ್ತಿದ್ದರು. ವರ್ಷ ತುಂಬಿದ ದಿನ ಆತ್ಮವನ್ನು ಬೀಳ್ಕೊಟ್ಟು, ಊರಿಗೆ ಉಣಿಸಿ, ಕೂಡಿಟ್ಟದ್ದನ್ನೆಲ್ಲ ಹಂಚಿ ಮನೆ ಖಾಲಿ ಮಾಡುತ್ತಿದ್ದರು. 1883ರಲ್ಲಿ ಅಮೆರಿಕ ಸರ್ಕಾರ ಮಾಡಿದ ನಿಯಮಗಳು ಅವರ ಪವಿತ್ರ ವಿಧಿಯಾದ ಸೂರ್ಯನೃತ್ಯವನ್ನೂ ಸಾವಿನ ಮನೆಯಲ್ಲಿ ಆಸ್ತಿ ಬಿಟ್ಟುಕೊಡುವುದನ್ನೂ ಅಪರಾಧ ಎಂದವು. ಆದರೂ ಹಂಚಿಕೆ ನಿಲ್ಲಲಿಲ್ಲ. ಈಗಲೂ ವರ್ಷದ ಕಾರ್ಯಕ್ಕೆ ಮನೆಯ ಹೆಂಗಸರು ಹತ್ತಾರು ನಕ್ಷತ್ರ ಹೊದಿಕೆ ಹೊಲಿದು ಹಂಚುತ್ತಾರೆ. ಹಿಂದಿನ ವಿಧಿಗಳಿಗೆ ಕಾನೂನಿನ ರಕ್ಷಣೆ ಸ್ಪಷ್ಟವಾಗಿ ಸಿಕ್ಕಿದ್ದು 1978ರಲ್ಲಿ.

ನಮ್ಮಲ್ಲಿ ಆಯೇರ ಬರುವುದು ಕಾರ್ಯ ಮಾಡುವ ಮನೆಗೆ. ಅಲ್ಲಿ ಕಾರ್ಯ ಮಾಡುವ ಮನೆಯೇ ಬಂದವರಿಗೆ ಕೊಡುತ್ತದೆ. ಇಂಥ ಹಂಚಿಕೆಯಲ್ಲಿ ಗೌರವ ಯಾರಿಗೋ ಅವರ ಮನೆಯವರು ಕೊಡಬೇಕು, ತೆಗೆದುಕೊಳ್ಳಬಾರದು. ಮುಯ್ಯಿ ಬರೆದಿಡುವ ವಹಿ ಇಲ್ಲ.

ಸೂಜಿದಾರ_ಕಲಬುರಗಿ

ಇಬ್ಬರಿಗೂ ಶರಣ್ರಿ. 14½ ಇಂಚಿನ ಅಳತಿ, ಅರ್ಧ ನಕ್ಷತ್ರಕ್ಕ ಸ್ಕೇಲ್ ಹಿಡಿಯೋದು, ಎರಡೂ ಬರಕೊಂಡೀವಿ. ಇನ್ನೆರಡು ಕೇಳ್ತೀನಿ. ಒಳಗ ಹತ್ತಿ ಬ್ಯಾಡ, ಹಳೇ ಸೀರಿನೇ ಹಾಕ್ತೀವಿ ಅಂತಾರ ಹಿರಿಯರು, ಅದು ಹ್ಯಾಂಗ ಮಾಡಬೇಕು? ಮತ್ತ ಹೊಲಿಯೋ ನೆಂಟರು ಅಂದ್ರಿ, ಅಲ್ಲಿ ಅತ್ತಿ, ಸೋದರಮಾವ, ಕಾಕಾ ಅಂತ ನಮ್ಮಂಗೇ ಬಳಗ ಅದಾವೇನು?

ಸುರಪುರ_ಬಳಗ

ಬಳಗದ ಪ್ರಶ್ನೆಗೆ: ಬಹಳಷ್ಟು ನಮ್ಮಂಗೇ ಅದ್ರಿ, ಒಂದು ದೊಡ್ಡ ಫರಕು ಬಿಟ್ಟು.

ಲಕೋಟ ಮನಿ ಅಂದ್ರ ತಿಯೋಷ್ಪಾಯೆ. ಅಜ್ಜ, ಅಜ್ಜಿ, ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಒಟ್ಟಿಗೆ ಗುಡಾರ ಹಾಕ್ಕೊಂಡು ಒಟ್ಟಿಗೆ ಹೊರಡೋ ಬಳಗ. ಅಪ್ಪಗ "ಆತೆ" ಅಂತಾರ, ಅಪ್ಪನ ಅಣ್ಣತಮ್ಮಂದಿರಿಗೂ ಆತೆನೇ. ಅವ್ವಗ "ಈನಾ", ಅವ್ವನ ಅಕ್ಕತಂಗಿಯರಿಗೂ ಈನಾನೇ. ನಮ್ಮಲ್ಲಿ ದೊಡ್ಡಪ್ಪ, ದೊಡ್ಡವ್ವ, ಚಿಗವ್ವ ಅಂತ ಅಪ್ಪ ಅವ್ವ ಸೇರಿಸೇ ಕರಿಯೋದಿಲ್ಲೇನು, ಹಂಗ. ಅವರ ಮಕ್ಕಳೆಲ್ಲ ಸ್ವಂತ ಅಣ್ಣ ತಂಗಿ ಲೆಕ್ಕ. ಅವ್ವನ ತಮ್ಮ ಬ್ಯಾರೆ, "ಲೆಕ್ಷಿ". ಅಪ್ಪನ ತಂಗಿ ಬ್ಯಾರೆ, "ತುನ್ವಿನ್". ಅಂದ್ರ ಸೋದರಮಾವ, ಸೋದರತ್ತಿ. ಅವರ ಮಕ್ಕಳಿಗೂ ಬ್ಯಾರೆ ಹೆಸರು. ಅಮೆರಿಕದ ಮೂಲನಿವಾಸಿಗಳ ಬಳಗಕ್ಕೂ ದಕ್ಷಿಣ ಭಾರತದ ಬಳಗಕ್ಕೂ ಇರೋ ಈ ಹೋಲಿಕಿನ ಲೂಯಿ ಹೆನ್ರಿ ಮಾರ್ಗನ್ ಅನ್ನೋ ವಿದ್ವಾಂಸ 1871ರಾಗೇ ಕೋಷ್ಟಕ ಹಾಕಿ ತೋರಿಸ್ಯಾನ.

ಫರಕು ಎಲ್ಲದ ಅಂದ್ರ ಲಗ್ನದಾಗ. ನಮ್ಮ ಕಡಿ ಸೋದರಮಾವನ ಮಗಳು, ಅತ್ತಿ ಮಗ ಅಂದ್ರ ವರಸಿ ಕೂಡ್ತದ. ಲಕೋಟರಾಗ ಗೊತ್ತಿದ್ದ ಯಾವ ಬಳಗದಾಗೂ ಲಗ್ನ ಇಲ್ಲ, ಹೊರಗಿನ ತಿಯೋಷ್ಪಾಯೆಯಿಂದನೇ ತರಬೇಕು. ಅದಕ್ಕ ಅಲ್ಲಿ ಮಾವ (ಹೆಂಡ್ತಿ ಅಪ್ಪ) ಮತ್ತ ಸೋದರಮಾವ ಒಂದೇ ಹೆಸರಿನೋರಲ್ಲ. ಅತ್ತಿಮಾವರ ಹೆಸರು ಅಜ್ಜ ಅಜ್ಜಿ ಹೆಸರಿನಿಂದ ಹುಟ್ಟ್ಯಾವ: ಅಜ್ಜಿಗೆ "ಉಂಚಿ", ಅತ್ತಿಗೆ "ಉಂಚಿಷಿ"; ಅಜ್ಜಗ "ತುಂಕಾಶಿಲಾ", ಮಾವಗ "ತುಂಕಾಷಿ".

ಹಳೇ ಪದ್ಧತಿಯೊಳಗ ಅಳಿಯ ಅತ್ತಿ ಕೂಡ ನೇರ ಮಾತಾಡಂಗಿಲ್ಲ, ಮುಖ ನೋಡಂಗಿಲ್ಲ. ಸೊಸಿ ಮಾವನ ಜೊತಿಗೂ ಹಂಗೇ. ಇದು ಸಿಟ್ಟಲ್ಲ, ಮರ್ಯಾದಿ. ಏನಾರ ಹೇಳಬೇಕಂದ್ರ ನಡುವ ಒಬ್ಬರ ಕೈಲಿ ಹೇಳಿಸ್ತಿದ್ರು. ಅದೇ ಭಾವ ನಾದಿನಿ ನಡುವ ಚೇಷ್ಟಿ ಮಾಡ್ಲೇಬೇಕು, ಮಾಡದಿದ್ರ ಬಿಗುಮಾನ ಅಂದ್ಕೋತಾರ. ಮತ್ತ, ಅಣ್ಣ ತಂಗಿ ಅನ್ನೋ ಹೆಸರು ಕರಿಯೋರು ಗಂಡೋ ಹೆಣ್ಣೋ ಅನ್ನೋದರ ಮ್ಯಾಲ ಬದಲಾಗ್ತದ: ಗಂಡಸು ಅಣ್ಣಗ "ಚಿಯೆ" ಅಂದ್ರ, ಹೆಂಗಸು "ತಿಬ್ಲೊ" ಅಂತಾಳ. ತಂಗಿ ದೊಡ್ಡಾಕಿ ಆದ ಮ್ಯಾಲ ಅಣ್ಣನ ಜೊತಿ ಸಲಿಗಿ ಕಡಿಮಿ, ಗೌರವ ಜಾಸ್ತಿ.

ಬಳಗ ಹುಟ್ಟಿನಿಂದಷ್ಟೇ ಅಲ್ಲ. "ಹುಂಕಾ" ಅನ್ನೋ ವಿಧಿಯೊಳಗ ಹೊರಗಿನೋರನ್ನ ಮಗ, ಅಣ್ಣ, ಅವ್ವ ಅಂತ ಮಾಡ್ಕೋತಾರ. ಹಂಗ ಆದ ನಂಟು ರಕ್ತದ ನಂಟಿಗಿಂತ ಬಿಗಿ. ಅಂಥಾ ಹೊತ್ತಿನಾಗೂ ಈ ಹೊದಿಕಿ ಹೆಗಲಿಗೆ ಬರ್ತದ.

ಕೂಸಿಗೆ ಮಾಡೋದು ಇನ್ನೊಂದದ, ಕೌದಿ ಪಕ್ಕದಾಗ ಇಡಲಿಕ್ಕ ಚಂದ. ಹೊಕ್ಕುಳಬಳ್ಳಿ ಒಣಗಿ ಬಿದ್ದ ಮ್ಯಾಲ ಅದನ್ನ ಆಮಿ ಇಲ್ಲಾ ಹಲ್ಲಿ ಆಕಾರದ ಚರ್ಮದ ಚೀಲದಾಗಿಟ್ಟು ಹೊಲೀತಾರ, ಮ್ಯಾಲ ಮಣಿ ಕೆಲಸ. ಎರಡು ಚೀಲ ಮಾಡ್ತಾರ: ಒಂದರಾಗ ಬಳ್ಳಿ, ಇನ್ನೊಂದು ಖಾಲಿ, ಕೆಟ್ಟ ಶಕ್ತಿ ದಾರಿ ತಪ್ಪಲಿ ಅಂತ. ಆಮಿ ಯಾಕಂದ್ರ ಗಟ್ಟಿ ಜೀವ, ದೀರ್ಘಾಯುಷ್ಯ. ನೀವು ಮಾದರಿ ಮಾಡಿದ್ರ ಚರ್ಮದ ಬದಲಿ ದಪ್ಪ ಕ್ಯಾನ್ವಾಸ್ ನಡೀತದ, ಆರು ಇಂಚಿನೊಳಗ ಇರ್ಲಿ.

ಬೀದರ್_ಟಾಕಾ

ಸೀರೆಯ ಪ್ರಶ್ನೆಗೆ. ಹಿರಿಯರು ಹೇಳಿದ್ದೇ ಸರಿ, ನಮ್ಮ ಬಿಸಿಲಿಗೆ ಹತ್ತಿ ತುಂಬಿದ್ದು ಹೊದೆಯಲಾಗದು. ಒಂದು ಸೀರೆಯನ್ನು ನಡುವೆ ಕೊಯ್ದು ಉದ್ದುದ್ದಕ್ಕೆ ಕೂಡಿಸಿದರೆ ಸುಮಾರು 88 ಇಂಚು ಅಗಲ ಬರುತ್ತದೆ. ಒಂದು ಪದರಕ್ಕೆ ಒಂದು ಸೀರೆ. ಕೆಳಗೆ ಒಂದು, ಒಳಗೆ ಎರಡು, ಒಟ್ಟು ಮೂರು ಸಾಕು. ಪೂರ್ತಿ ಹತ್ತಿಯದ್ದೇ ಇರಲಿ. ಪಾಲಿಸ್ಟರ್ ಸೇರಿದ್ದು ಒಳಗೆ ಜಾರಿ ಸುಕ್ಕಾಗುತ್ತದೆ. ಪದರಗಳ ಜೋಡಣೆ ಒಂದರ ಮೇಲೊಂದು ಬರದಂತೆ ಇಡಿ, ಇಲ್ಲದಿದ್ದರೆ ನಟ್ಟನಡುವೆ ಸೂಜಿ ಇಳಿಯದ ಗಟ್ಟಿ ಗೆರೆ ಬೀಳುತ್ತದೆ. ಹಳೆಯ ಸೀರೆಯನ್ನು ನಕ್ಷತ್ರದ ತುಂಡಿಗೆ ಮಾತ್ರ ಬಳಸಬೇಡಿ, ಸವೆದ ನೂಲು ಕ್ರಾಸಿನಲ್ಲಿ ಎಳೆಗೆ ನಿಲ್ಲುವುದಿಲ್ಲ.

ಟಾಕಿ ಹಾಕುವಾಗ ಒಂದು ಎಚ್ಚರ. ಕೌದಿಗೆ ಅಂಚಿನಿಂದ ಒಳಕ್ಕೆ ಸುತ್ತುತ್ತಾ ಬರುವ ರೂಢಿ ಇದ್ದವರು ಇಲ್ಲಿ ಅದನ್ನು ಬಿಡಬೇಕು. ಅಂಚಿನಿಂದ ಬಂದರೆ ಮಿಕ್ಕ ಸಡಿಲವೆಲ್ಲ ನಡುವಿಗೆ ಬಂದು ಸೇರುತ್ತದೆ, ಕಷ್ಟಪಟ್ಟು ಚಪ್ಪಟೆ ಮಾಡಿದ ಮಧ್ಯವೇ ಮತ್ತೆ ಉಬ್ಬುತ್ತದೆ. ಮೊದಲು ಇಡೀ ಹಾಸನ್ನು ನೆಲಕ್ಕೆ ಬಿಗಿಯಾಗಿ ಹಾಸಿ, ನಡುವಿನಿಂದ ಎಂಟು ಮೂಲೆಗೂ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ನಡುವಿನಿಂದ ಹೊರಕ್ಕೆ, ಪ್ರತಿ ಶಂಕರಪೋಳಿಯ ಒಳಗೆ ಕಾಲು ಇಂಚು ಬಿಟ್ಟು ಸಣ್ಣ ಟಾಕಿ. ಹೊಲಿಗೆಯ ಗೆರೆಯ ಮೇಲೆಯೇ ಹಾಕಿದರೆ ಮಾರ್ಜಿನ್‌ನ ದಪ್ಪದಲ್ಲಿ ಸೂಜಿ ಮುರಿಯುತ್ತದೆ. ನಟ್ಟನಡುವಿನಲ್ಲಿ ಹದಿನಾರು ಪದರ ಮಾರ್ಜಿನ್ ಸೇರಿರುತ್ತದೆ; ಅವನ್ನೆಲ್ಲ ಒಂದೇ ದಿಕ್ಕಿಗೆ ಸುತ್ತಿಸಿ ಇಸ್ತ್ರಿ ಒತ್ತಿ. ಒತ್ತಬೇಕು, ಎಳೆಯಬಾರದು.

ಶಹಾಪುರ_ಓದುಗ

ಇನ್ನೊಂದು ಮಾತು, ಪ್ರದರ್ಶನಕ್ಕೆ ಸಂಬಂಧಿಸಿದ್ದು. ಎಂಟು ಮೂಲೆಯ ಈ ಜೋಡಣೆ ಅಮೆರಿಕದ ಬಿಳಿಯರ ಮನೆಗಳಲ್ಲೂ ಮೊದಲಿನಿಂದ ಇದ್ದದ್ದು, ಆದ್ದರಿಂದ ನೀವು ಹೊಲಿಯುವುದರಲ್ಲಿ ತಪ್ಪಿಲ್ಲ. ಆದರೆ ಚೀಟಿಯಲ್ಲಿ "ಲಕೋಟ ಹೊದಿಕೆ" ಎಂದು ಬರೆಯಬೇಡಿ, "ಲಕೋಟ ನಕ್ಷತ್ರ ಹೊದಿಕೆಯ ಮಾದರಿ, ಹೊಲಿದವರು ಕಲಬುರಗಿಯ ಕೌದಿ ಹೆಂಗಸರು" ಎಂದು ಬರೆಯಿರಿ. ಅದನ್ನು ಮಾರಾಟದ ಸಾಲಿನಲ್ಲಿ ಇಡಬೇಡಿ. ಪಕ್ಕದಲ್ಲಿ ಹದ್ದಿನ ಗರಿಯ ಕಿರೀಟ, ಚಿಲುಮೆ ಮುಂತಾದವನ್ನು ಅಲಂಕಾರಕ್ಕೆಂದು ಮಾಡಿಡುವುದೂ ಬೇಡ. ಚಿಲುಮೆ ಅವರಿಗೆ "ಬಿಳಿ ಬೈಸನ್ ಕರುವಿನ ಹೆಣ್ಣು" ಎಂಬ ದೇವತೆ ತಂದುಕೊಟ್ಟ ಪವಿತ್ರ ವಸ್ತು, ಕಿರೀಟದ ಒಂದೊಂದು ಗರಿಯೂ ಗಳಿಸಿದ್ದು.

ಬಣ್ಣಕ್ಕೆ ಕಟ್ಟಳೆ ಇಲ್ಲ. ನಾಲ್ಕು ದಿಕ್ಕುಗಳ ಕಪ್ಪು, ಕೆಂಪು, ಹಳದಿ, ಬಿಳಿ ಬಳಸುವವರಿದ್ದಾರೆ, ನಡುವಿನಿಂದ ಹೊರಕ್ಕೆ ಒಂದೇ ಬಣ್ಣವನ್ನು ತಿಳಿಯಿಂದ ಗಾಢಕ್ಕೆ ಒಯ್ಯುವವರೂ ಇದ್ದಾರೆ. ನೆಲದ ಮೇಲೆ ಹಾಸಬೇಡಿ, ಗೋಡೆಗೆ ತೂಗುಹಾಕಿ. ತೂಗುಹಾಕಲು ಹಿಂಬದಿಯ ಮೇಲಂಚಿಗೆ 4 ಇಂಚು ಅಗಲದ ಬಟ್ಟೆಯ ಕೊಳವೆ ಹೊಲಿದು ಅದರಲ್ಲಿ ಬಿದಿರು ತೂರಿಸಿ. ಮೂಲೆಗಳಿಗೆ ಮೊಳೆ ಹೊಡೆದರೆ ಭಾರಕ್ಕೆ ನಕ್ಷತ್ರ ಜೋಲುತ್ತದೆ. ಪ್ರದರ್ಶನ ಮುಗಿದ ಮೇಲೆ ಸಂಘದ ಬೀರುವಿನಲ್ಲಿ ಮಡಚಿಡದೆ ಯಾರಿಗಾದರೂ ಹೆಗಲಿಗೆ ಹೊದಿಸಿ ಕೊಡುವುದಾದರೆ, ಯಾರಿಗೆ ಎಂದು ಹೊಲಿಯಲು ಕೂಡುವ ಮೊದಲೇ ನಿಶ್ಚಯಿಸಿಕೊಳ್ಳಿ. ಅಲ್ಲಿನವರು ಹಾಗೆಯೇ ಮಾಡುತ್ತಾರೆ.